ಹುಳಿಗೆ ಬಿಚ್ಚಿದ ಸ್ಕ್ರೂ

"ಮಿಕ್ಕಿದ್ದೆಲ್ಲ ಕಿತ್ತು ಬಿಸಾಕು ಕಣಪ್ಪ, ಅದು ನಿಂಗೆ ಬಿಟ್ಟಿದ್ದು. ಆ ಒಂದು ಸ್ಕ್ರೂ ಮಾತ್ರ ಮುಟ್ಟಬ್ಯಾಡ."

ಶಿವಲಕ್ಷ್ಮಮ್ಮ ಈ ಮಾತನ್ನು ಜೀಪಿನ ಹತ್ತಿರ ಬಂದು ಹೇಳಲಿಲ್ಲ. ಹಿಂಬದಿಯ ಜಗುಲಿಯ ಕಂಬ ಹಿಡಿದು, ಸೆರಗಿನ ತುದಿಯನ್ನು ಬಾಯಿಗೊತ್ತಿಕೊಂಡು, ಅಲ್ಲಿಂದಲೇ ಹೇಳಿದಳು. ಬೆಳುಗುಪ್ಪದಿಂದ ಒಳಕ್ಕೆ ಹೋಗುವ ಮಣ್ಣುದಾರಿಯ ಕೊನೆಯ ಹಳ್ಳಿ ಅದು. ಅವಳ ಮನೆಯ ಹಿಂದಿನ ಕಣದಲ್ಲಿ ಜೀಪು ವರ್ಷಗಟ್ಟಲೆ ನಿಂತು ಟೈರುಗಳು ನೆಲಕ್ಕೆ ಅಂಟಿಹೋಗಿದ್ದವು. ಬಾನೆಟ್ಟಿನ ಸಂದಿನಿಂದ ಎಕ್ಕದ ಗಿಡವೊಂದು ತಲೆ ಹೊರಗೆ ಹಾಕಿತ್ತು. ಕಣದ ತುಂಬ ಕೋಳಿಗಳು ಕೆದಕಿದ ಗುರುತು. ಜೀಪಿನ ನೆರಳಿನಲ್ಲಿ ಮಾತ್ರ ಒಂದು ಹೆಜ್ಜೆಯೂ ಇರಲಿಲ್ಲ. ಕಣ್ಣಿದ್ದವನು ಇದನ್ನು ನೋಡಬೇಕಿತ್ತು. ಓಬುಳೇಶ ನೋಡಿದ್ದು ಚಾಸಿಯನ್ನು.

ಹಿಂದೂಪುರದ ಲೇಪಾಕ್ಷಿ ರಸ್ತೆಯಲ್ಲಿ ಅವನದೊಂದು ಶೆಡ್ಡು. ಸತ್ತ ಜೀಪುಗಳಿಗೆ ಜೀವ ಕೊಡುವುದರಲ್ಲಿ ಅವನ ಕೈ ಪಳಗಿತ್ತು, ಅದಕ್ಕಿಂತ ಒಂದು ಹಿಡಿ ಹೆಚ್ಚಾಗಿ ನಾಲಿಗೆ ಪಳಗಿತ್ತು. ದೇವರು, ದೆವ್ವ, ಶಕುನ, ಯಾವುದನ್ನೂ ಬಿಡದೆ ಆಡಿಕೊಂಡು ನಗುವ ಮನುಷ್ಯ. ಈಗಲೂ ಡ್ರೈವರ್ ಕಡೆಯಿಂದ ತಲೆ ಒಳಗೆ ತೂರಿಸಿ ನಗುತ್ತಲೇ ಇದ್ದ. ಕಾಲಿಡುವ ಜಾಗದ ತಗಡು ಮುಟ್ಟಿದರೆ ಹಪ್ಪಳದಂತೆ ಪುಡಿಯಾಗುತ್ತಿತ್ತು. ಆಕ್ಸಿಲರೇಟರ್ ಪೆಡಲಿನ ಪಕ್ಕ, ಬಲಗಾಲು ಊರುವ ಕಡೆ, ಆ ಸ್ಕ್ರೂ ಇತ್ತು. ತುಕ್ಕು ಹಿಡಿದು ಊದಿಕೊಂಡಿತ್ತು. ಸುತ್ತಲೂ ಹಳೆಯ ಅರಿಶಿನ ಕಪ್ಪಗೆ ಹೆಪ್ಪುಗಟ್ಟಿ, ಒಣಮೀನಿನಂಥ ವಾಸನೆ ಬರುತ್ತಿತ್ತು.

"ಯಾಕಮ್ಮಾ, ಅದ್ರ ಕೆಳಗೆ ನಿಧಿ ಗಿಧಿ ಹೂತಿಟ್ಟಿದೀರಾ?"

ಉತ್ತರ ಕೊಟ್ಟವನು ಅವಳ ಮಗ ಚೆನ್ನಕೇಶವ. ಕಡಲೆಕಾಯಿ ಮೂಟೆಯನ್ನು ಒಂದೇ ಭುಜದ ಮೇಲೆ ಹೊತ್ತು ನಿಂತಿದ್ದ ಗಟ್ಟಿ ಆಳು. ಅವನೂ ಜೀಪಿನ ಕಡೆ ಮುಖ ಮಾಡಿರಲಿಲ್ಲ.

"ಇದ್ರಲ್ಲಿ ಕಲ್ಯಾಣದುರ್ಗಕ್ಕೆ ಸರ್ವೀಸ್ ಹೊಡೀತಿದ್ದೆ ಕಣಪ್ಪ. ಜನ ನನ್ನ ಜೀಪಿಗೇ ಕಾಯ್ಕೊಂಡು ಹತ್ತೋರು. ಆಗದೋನೊಬ್ಬ ಮಾಟ ಮಾಡ್ಸಿಬುಟ್ಟ. ಮೊದ್ಲು ಬಲಗಾಲು ಜೋಮು ಹಿಡೀತು. ಆಮೇಲೆ ಕೈ. ಆಮೇಲೆ ಅರ್ಧ ಮೈ. ಕೆಂಡ ಇಟ್ರೂ ತಿಳೀತಿರ್ಲಿಲ್ಲ. ಪಾವಗಡದ ಕಡೆಯಿಂದ ಒಬ್ಬ ಮಂತ್ರವಾದಿ ಬಂದು ಅದನ್ನ ನನ್ನ ಮೈಯಿಂದ ಇಳಿಸಿ ಜೀಪಿಗೆ ಕಟ್ಟಿದ. ಆ ಸ್ಕ್ರೂ ಹಾಕಿ ಬಿಗಿದ. ಕಬ್ಬಿಣಕ್ಕೆ ನೋವಿಲ್ಲ, ಜೋಮು ಹಿಡಿದ್ರೆ ಅದಕ್ಕೇನು ನಷ್ಟ ಅಂದ."

"ಗುಜರಿಯೋರು ಕೇಳಿದ್ರು, ಕೊಡ್ಲಿಲ್ಲ," ಎಂದಳು ಶಿವಲಕ್ಷ್ಮಮ್ಮ. "ಕೊಯ್ದು ಹಾಕ್ತಾರೆ ಅಂತ. ನೀನು ಓಡ್ಸೋನು ಅಂತ ಕೊಡ್ತಿದೀನಿ ನಾಯ್ನಾ."

"ಅದು ಲಕ್ವ ಕಣಣ್ಣಾ," ಎಂದ ಓಬುಳೇಶ. "ಎಷ್ಟೋ ಜನಕ್ಕೆ ಬತ್ತದೆ, ಎಷ್ಟೋ ಜನಕ್ಕೆ ಹೋಯ್ತದೆ. ವಾಸಿಯಾಗಿದ್ದು ನಿನ್ನ ಮೈ, ಹೆಸರು ಮಾತ್ರ ಸ್ಕ್ರೂಗಾ?" ಎಂದು ಕೈಯಲ್ಲಿದ್ದ ಸ್ಪಾನರಿನಿಂದ ಸ್ಕ್ರೂವಿನ ತಲೆಗೆ ಒಂದು ಕೊಟ್ಟ. ಕಬ್ಬಿಣಕ್ಕೆ ಕಬ್ಬಿಣ ಬಡಿದರೆ ಟಣ್ ಎನ್ನಬೇಕು. ಸದ್ದೇ ಬರಲಿಲ್ಲ.

"ನಗಬ್ಯಾಡ ಕಣಪ್ಪ," ಎಂದಳು ಮುದುಕಿ. ಅವನು ನಕ್ಕ. ನಗುತ್ತಲೇ ಜೀಪನ್ನು ಟ್ರಾಕ್ಟರಿಗೆ ಕಟ್ಟಿಸಿ ರಸ್ತೆಗೆಳೆಸಿದ, ಅಲ್ಲಿಂದ ಲಾರಿಗೆ ಹತ್ತಿಸಿದ.

ಶೆಡ್ಡಿನ ಹಿಂದಿನ ಒಂದು ಕೋಣೆಯೇ ಅವನ ಮನೆ. ಮನೆಯಲ್ಲಿ ನಾಗರತ್ನ. ಸೋದರಮಾವನ ಮಗಳು, ಹೆಂಡತಿ. ಬೇರೆ ಗಂಡಿನ ಕಡೆಯವರು ನೋಡಲು ಬಂದ ದಿನ ಕಾಫಿಗೆ ಉಪ್ಪು ಕದಡಿ ಕೊಟ್ಟು, ಅವರನ್ನು ಬಂದ ದಾರಿಗೆ ಸುಂಕವಿಲ್ಲವೆಂದು ಕಳಿಸಿ, ಇವನಿಗಾಗಿ ಕಾದು ಕೂತ ಗಟ್ಟಿಗಿತ್ತಿ. ಹುಣಸೆಹಣ್ಣಿನ ಗೋದಾಮಿನಲ್ಲಿ ಬೀಜ ಬಿಡಿಸುವ ಕೆಲಸ ಅವಳದು. ಅವಳ ಕೂದಲಲ್ಲೂ ಸೆರಗಲ್ಲೂ ಸದಾ ಹುಳಿಯ ವಾಸನೆ. ಆ ವಾಸನೆ ಹತ್ತಿರ ಬಂದರೆ ಸಾಕು, ಓಬುಳೇಶ ಯಾವ ಇಂಜಿನ್ನಿನ ಕೆಳಗಿದ್ದರೂ ಈಚೆ ಬರುತ್ತಿದ್ದ. ಲೋಕವನ್ನೆಲ್ಲ ಆಡಿಕೊಳ್ಳುತ್ತಿದ್ದವನಿಗೆ ಅವಳೊಬ್ಬಳ ಮುಂದೆ ಮಾತು ಮೆತ್ತಗಾಗುತ್ತಿತ್ತು. ಅವಳಿಲ್ಲದೆ ಅವನಿಲ್ಲ, ಇದು ಆ ರಸ್ತೆಯವರಿಗೆಲ್ಲ ಗೊತ್ತಿದ್ದ ವಿಷಯ.

ಊಟಕ್ಕೆ ಕೂತಾಗ ಅವನು ಮುದುಕಿಯ ಮಾತನ್ನು ಹಾಗೇ ಅಣಕಿಸಿ ತೋರಿಸಿದ. ನಾಗರತ್ನ ಅರ್ಧ ನಕ್ಕಳು.

"ಬ್ಯಾಡ ಅಂದ್ಮೇಲೆ ಬಿಟ್ಬುಡು ಬಾವ. ಅದೊಂದು ಇದ್ರೆ ನಿನ್ನ ಗಂಟೇನು ಹೋಯ್ತದೆ?"

"ಅದು ಬಿಡದಿದ್ರೆ ತಗಡು ಬರಕಿಲ್ಲ. ತಗಡು ಬರದಿದ್ರೆ ಜೀಪಾಗಕಿಲ್ಲ. ಜೀಪಾಗದಿದ್ರೆ ನಿನ್ನ ಮುಂದಿನ ಸೀಟಲ್ಲಿ ಕೂರಿಸ್ಕೊಂಡು ಹೋಗೋದೆಂಗೆ?"

ಅವಳು ಅವನ ತಟ್ಟೆಗೆ ಇನ್ನೊಂದು ಸೌಟು ಸಾರು ಬಡಿಸಿದಳು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವವನ ಜೊತೆ ವಾದ ಮಾಡಿ ಗೆದ್ದ ಹೆಂಡತಿ ಯಾರಿದ್ದಾಳೆ?

ತಗಡು ಹಿಡಿದಿದ್ದ ಬೇರೆ ಸ್ಕ್ರೂಗಳೆಲ್ಲ ಚಾಣ, ಸುತ್ತಿಗೆಗೆ ಬಾಯಿಬಿಟ್ಟವು. ಇದೊಂದು ಬಿಡಲಿಲ್ಲ. ಸ್ಕ್ರೂಡ್ರೈವರ್ ಜಾರಿ ಜಾರಿ ತಲೆಯ ಮೇಲಿನ ಗೀರು ಸವೆದು ನುಣ್ಣಗಾಯಿತು. ಸೀಮೆಎಣ್ಣೆ ಬಿಟ್ಟ. ಬ್ರೇಕ್ ಆಯಿಲ್ ಬಿಟ್ಟ. ಡ್ರಿಲ್ ಹಾಕಿದ, ಅದರ ಮೊನೆ ಮೊಂಡಾಯಿತು, ಸ್ಕ್ರೂವಿನ ಮೇಲೆ ಗುರುತೂ ಬೀಳಲಿಲ್ಲ. ತಲೆಯ ಮೇಲೆ ನಟ್ಟೊಂದನ್ನು ವೆಲ್ಡ್ ಮಾಡಿದರೆ, ಸ್ಪಾನರ್ ತಿರುಗಿಸಿದ ಕೂಡಲೇ ನಟ್ಟು ಕಳಚಿ ಬಿತ್ತು, ಬೆಸುಗೆ ಅಂಟಿಯೇ ಇರಲಿಲ್ಲ. ಕೊನೆಗೆ ಗ್ಯಾಸಿನ ಉರಿ ಹಿಡಿದ. ಸುತ್ತಲ ತಗಡು ಕೆಂಪಗೆ ಕಾದು ಅಂಚು ಕರಗಿ ತೊಟ್ಟಿಕ್ಕಿತು. ನಡುವೆ ಸ್ಕ್ರೂ ಕಪ್ಪಗೆ ಕೂತಿತ್ತು. ಅದರ ಮೇಲೆ ನೀರು ಚಿಮುಕಿಸಿದ. ಚುಂಯ್ ಎನ್ನಲಿಲ್ಲ. ಬೆರಳ ತುದಿಯಿಂದ ಮುಟ್ಟಿ ನೋಡಿದ. ಬಾವಿಯ ನೀರಿನಷ್ಟು ತಣ್ಣಗಿತ್ತು.

ಅಲ್ಲಿಗೇ ಕೈ ತೆಗೆಯಬೇಕಿತ್ತು. ನಾನಾಗಿದ್ದರೆ ಆ ಜೀಪನ್ನು ಅಂದೇ ಬೆಳುಗುಪ್ಪದ ದಾರಿ ಹಿಡಿಸುತ್ತಿದ್ದೆ. ಓಬುಳೇಶ ಹಳೇ ಕಾಲದ ಕಬ್ಬಿಣ ಗಟ್ಟಿ ಎಂದುಕೊಂಡ. ಗೆಣ್ಣುಗಳ ಚರ್ಮ ಕಿತ್ತು ರಕ್ತ ಬರುತ್ತಿತ್ತು, ಊಟ ಸೇರುತ್ತಿರಲಿಲ್ಲ. ನಾಗರತ್ನಳಿಗೆ ಆ ಕೈ ನೋಡಲಾಗಲಿಲ್ಲ.

"ಹುಳಿ ಹಾಕಿ ನೋಡು ಬಾವ," ಎಂದಳು.

ಹಿಂದೂಪುರದಲ್ಲಿ ಈ ಉಪಾಯ ಹೊಸದಲ್ಲ. ಹುಣಸೆಯ ಮೇಲೆ ಬದುಕುವ ಊರು. ತುಕ್ಕು ಹಿಡಿದ ಬೀಗವಿರಲಿ, ಕಿಲುಬಿದ ಚೊಂಬಿರಲಿ, ಹುಳಿ ಉಪ್ಪು ಕಿವುಚಿ ಮೆತ್ತಿ ಬಿಟ್ಟರೆ ಮಾರನೆಯ ದಿನಕ್ಕೆ ದಾರಿಗೆ ಬರುತ್ತದೆ. ನಾಗರತ್ನ ಗಡಿಗೆಯಿಂದ ಕಪ್ಪಾದ ಹಳೆಯ ಹಣ್ಣು ತೆಗೆದಳು. "ಹುಣಸೆ ಮರ ಮುಪ್ಪಾದ್ರೆ ಹುಳಿ ಮುಪ್ಪೇ?" ಎಂದು ಅವನನ್ನು ನಗಿಸಲು ನೋಡಿದಳು. ಬಟ್ಟಲಲ್ಲಿ ನೆನೆಸಿ, ಉಪ್ಪು ಹಾಕಿ, ಬೆರಳ ಸಂದಿಯಲ್ಲಿ ಗೊಜ್ಜು ಹರಿಯುವ ಹಾಗೆ ಹಿಂಡಿದಳು. ಪೆಡಲಿನ ಪಕ್ಕದ ಇಕ್ಕಟ್ಟಿನಲ್ಲಿ ಅವನ ದಪ್ಪ ಕೈ ಹಿಡಿಯುತ್ತಿರಲಿಲ್ಲ. ಅವನು ಟಾರ್ಚ್ ಹಿಡಿದ. ಅವಳೇ ಬಗ್ಗಿ ತನ್ನ ಸಣ್ಣ ಕೈ ತೂರಿಸಿ, ಸ್ಕ್ರೂವಿನ ಸುತ್ತ ಹುಳಿಯನ್ನು ಒತ್ತಿ ಒತ್ತಿ ಮೆತ್ತಿದಳು.

"ಸಳ್ ಅಂತು ಬಾವ," ಎಂದಳು, ಕೈ ಹಿಂದಕ್ಕೆಳೆದುಕೊಂಡು. "ಕಾದ ಕಬ್ಬಿಣಕ್ಕೆ ನೀರು ಬಿದ್ದಂಗೆ."

ಅವನಿಗೆ ಏನೂ ಕೇಳಿಸಿರಲಿಲ್ಲ.

ಬೆಳಿಗ್ಗೆ ಅವಳು ಗೋದಾಮಿಗೆ ಹೋದ ಮೇಲೆ ನೋಡಿದ. ಹುಳಿ ಕಪ್ಪು ಕೆಸರಾಗಿತ್ತು. ಅದನ್ನು ಒರೆಸಿ ಪ್ಲೈಯರ್ ಹಾಕಲು ಹೋದರೆ ಬೇಕಾಗಲೇ ಇಲ್ಲ. ಎರಡು ಬೆರಳಿಗೆ ಸ್ಕ್ರೂ ತಿರುಗಿತು. ಬೆಣ್ಣೆಯೊಳಗೆ ತಿರುಗಿದಂತೆ ತಿರುಗಿತು. ಬಂತು, ಬರುತ್ತಲೇ ಇತ್ತು. ತಗಡಿಗೆ ಹಾಕುವ ಸ್ಕ್ರೂ ಗೇಣುದ್ದ ಇರುವುದುಂಟೆ? ಪೂರ್ತಿ ಈಚೆ ಬಂದಾಗ ಅದರ ಸುರುಳಿ ಗೀರುಗಳ ತುಂಬ ಕಪ್ಪು ಕೂದಲು ಸುತ್ತಿತ್ತು. ಒಣಮೀನಿನ ನಾತ ಶೆಡ್ಡಿನ ತುಂಬ ಹರಡಿತು. ರಸ್ತೆಯ ಸದ್ದು ಒಮ್ಮೆಗೇ ನಿಂತು, ಕಿವಿಗೆ ಅರಳೆ ತುರುಕಿದಂತಾಗಿ, ಮತ್ತೆ ಬಂತು.

"ಬಂದ್ಯಾ ಮಗನೇ," ಎಂದು ಓಬುಳೇಶ ಸ್ಕ್ರೂವಿಗೇ ಹೇಳಿದ. ಗೆದ್ದ ಖುಷಿ ಆಗಬೇಕಿತ್ತು. ಅಷ್ಟೇನೂ ಆಗಲಿಲ್ಲ.

ಮೊದಲು ಹೋದದ್ದು ಅವನ ನಾಲಿಗೆಯ ರುಚಿ. ಸಾರು ನೀರಾಗಿತ್ತು, ಮುದ್ದೆ ಮಣ್ಣಾಗಿತ್ತು. ಆಮೇಲೆ ಒಂದು ಮಧ್ಯಾಹ್ನ ಶೆಡ್ಡಿನಲ್ಲಿ ಕರೆಂಟು ಹೋಗಿತ್ತು. ಅರ್ಧ ಇಳಿಸಿದ ಶಟರಿನ ಕತ್ತಲಲ್ಲಿ ಯಾರದೋ ಬಂಡಿಯ ಇಂಜಿನ್ ಓಡಿಸಿಟ್ಟು, ಅದರ ಮೇಲೆ ಬಗ್ಗಿ ಕೆಲಸ ಮಾಡುತ್ತಿದ್ದ. ಎಲ್ಲೋ ಮಾಂಸ ಸುಟ್ಟ ವಾಸನೆ. ಬಾಡೂಟ ಯಾರ ಮನೆಯಲ್ಲಿ ಎಂದುಕೊಂಡ. ಕಮರು ಹೊಗೆ ಮೂಗಿಗೆ ಹತ್ತಿದಾಗ ಕೆಳಗೆ ನೋಡಿದ. ಅವನ ಎಡಗೈ ಕಾದ ಸೈಲೆನ್ಸರಿನ ಮೇಲಿತ್ತು. ಎಷ್ಟು ಹೊತ್ತಿನಿಂದ ಇತ್ತೋ. ಎಳೆದುಕೊಂಡಾಗ ಅಂಗೈಯ ಚರ್ಮ ಅಲ್ಲೇ ಉಳಿಯಿತು. ಅವನು ಬಟ್ಟೆ ಸುತ್ತಿಕೊಂಡು ಕೆಲಸ ಮುಂದುವರಿಸಿದ. ಕೈ ನೋಯದಿದ್ದುದು ಒಂದು ವಿಚಿತ್ರ. ಅದಕ್ಕೆ ಹೆದರಿಕೆಯೇ ಆಗದಿದ್ದುದು ದೊಡ್ಡ ವಿಚಿತ್ರ. ಇದು ಬೇರೆ ಯಾರದೋ ಕೈ, ಬೇರೆ ಯಾರಿಗೋ ಆದದ್ದು ಎನ್ನುವ ಹಾಗೆ ಮನಸ್ಸು ಸುಮ್ಮನೆ ಕೂತಿತ್ತು.

ಆ ವಾರವೇ ಗೋದಾಮಿನಿಂದ ಮಲ್ಲೇಶ್ವರಿ ಓಡಿ ಬಂದಳು. ನಾಗರತ್ನಳ ಪಕ್ಕದಲ್ಲಿ ಕೂತು ಹುಣಸೆ ಬಿಡಿಸುವವಳು.

"ಅಣ್ಣೋ, ಬೇಗ ಬಾರಣ್ಣಾ! ಬೆರಳು ಕೊಯ್ಕೊಂಡವ್ಳೆ. ಕೊಯ್ಕೊಂಡಿದ್ದೇ ಗೊತ್ತಿಲ್ಲ ಅವ್ಳಿಗೆ. ನಗ್ತಾ ಮಾತಾಡ್ತಾ ಕೊಯ್ತಾನೇ ಅವ್ಳೆ!"

ಗೋದಾಮಿನ ಮಬ್ಬಿನಲ್ಲಿ ಹುಣಸೆಯ ಗುಡ್ಡೆಗಳ ನಡುವೆ ಹೆಂಗಸರು ದೂರ ಸರಿದು ನಿಂತಿದ್ದರು. ನಾಗರತ್ನ ಕೂತಲ್ಲೇ ಕೂತಿದ್ದಳು. ಅವಳ ಮುಂದಿನ ಹಣ್ಣೆಲ್ಲ ಕೆಂಪಾಗಿತ್ತು. ಬಲಗೈಯ ತೋರುಬೆರಳು ಮೂಳೆಯವರೆಗೂ ಸೀಳಿತ್ತು. ಅವಳು ಅದನ್ನು ಎತ್ತಿ ಹಿಡಿದು, ಯಾರದಿದು ಎನ್ನುವ ಹಾಗೆ ನೋಡುತ್ತಿದ್ದಳು.

"ಬಾವ, ನಂಗೆ ಕಾಲೂ ಗೊತ್ತಾಗ್ತಿಲ್ಲ," ಎಂದಳು ಮೆಲ್ಲಗೆ. "ನೀನು ಬೈತೀಯ ಅಂತ ಹೇಳ್ಲಿಲ್ಲ. ಆವತ್ತು ಹುಳಿ ಮೆತ್ತಿದ ಮಾರ್ನೇ ದಿನದಿಂದ್ಲೂ."

ಆಸ್ಪತ್ರೆಯ ಡಾಕ್ಟರು ಸೂಜಿ ಚುಚ್ಚಿ ನೋಡಿದರು, ಸುತ್ತಿಗೆಯಿಂದ ಮಂಡಿ ತಟ್ಟಿದರು, ಸ್ಕ್ಯಾನ್ ಮಾಡಿಸಿದರು. "ನರಾಲನ್ನೀ ಬಾಗಾನೇ ಉನ್ನಾಯಿ," ಎಂದರು. ನರಗಳೆಲ್ಲ ಚೆನ್ನಾಗಿವೆಯಂತೆ. ಬೆಂಗಳೂರಿಗೆ ಕರೆದುಕೊಂಡು ಹೋಗಿ ಎಂದರು. ಚೆನ್ನಾಗಿರುವ ನರಗಳ ನಾಗರತ್ನಳನ್ನು ಅವನು ಎತ್ತಿಕೊಂಡೇ ಮನೆಗೆ ತಂದು ಮಂಚದ ಮೇಲೆ ಮಲಗಿಸಿದ. ಮರುದಿನ ಜೋಮು ಸೊಂಟಕ್ಕೆ ಏರಿತ್ತು.

"ಆ ಅಮ್ಮನ್ನ ಹೋಗಿ ಕೇಳು ಬಾವ," ಎಂದಳು. "ನಂಗೆ ಭಯ ಆಯ್ತದೆ."

ತನಗೂ ಆಗಬೇಕಿತ್ತು ಎಂದು ಓಬುಳೇಶನಿಗೆ ಗೊತ್ತಿತ್ತು. ಗೊತ್ತಿತ್ತು, ಅಷ್ಟೇ. ಮಲ್ಲೇಶ್ವರಿಯನ್ನು ಅವಳ ಪಕ್ಕ ಕೂರಿಸಿ, ಸ್ಕ್ರೂವನ್ನು ಬಟ್ಟೆಯಲ್ಲಿ ಸುತ್ತಿ ಜೇಬಿಗೆ ಹಾಕಿಕೊಂಡು, ಬೆಳಗಿನ ಬಸ್ಸು ಹತ್ತಿದ.

ಶಿವಲಕ್ಷ್ಮಮ್ಮ ಅವನ ಮುಖ ನೋಡಿದವಳೇ ಎದೆ ಹಿಡಿದುಕೊಂಡು ಕೂತಳು. ಬೈಯಲಿಲ್ಲ. ಒಂದೇ ಮಾತು ಕೇಳಿದಳು.

"ಎಂಗೆ ತೆಗ್ದೆ?"

"ಹುಣಸೆಹುಳಿ ಹಾಕಿ," ಎಂದು ಅವನು ಜೇಬಿನಿಂದ ಸ್ಕ್ರೂ ತೆಗೆದು ಅವಳ ಮುಂದಿಟ್ಟ.

ಮುದುಕಿ ಕಿವಿ ಮುಚ್ಚಿಕೊಂಡಳು. "ಅಯ್ಯೋ ನಾಯ್ನಾ! ನಾಟಿ ಮದ್ದು ತಿನ್ನೋರು ಹುಳಿ ಮುಟ್ಟಲ್ಲ ಅನ್ನೋದು ಮಗೀಗೂ ಗೊತ್ತಲ್ಲೋ. ಹುಳಿ ಬಿದ್ರೆ ಯಾವ ಮದ್ದೂ ನಿಲ್ಲಕಿಲ್ಲ, ಯಾವ ಕಟ್ಟೂ ನಿಲ್ಲಕಿಲ್ಲ. ನೀನು ಬರೀ ಕಬ್ಬಿಣದಲ್ಲಿ ಮೀಟಿ ತೆಗ್ದಿದ್ರೆ ತಿರುಗಿ ಅಲ್ಲೇ ತುರುಕಬೋದಿತ್ತು. ಹುಳಿ ಕುಡಿದ ಕಬ್ಬಿಣ ಅದನ್ನ ಇನ್ನ ಹಿಡಿಯಕಿಲ್ಲ. ಹುಳಿ ಹಿಂಡಿದ ಕೈ ಯಾರ್ದು?"

"ನನ್ನ ಹೆಂಡ್ತೀದು."

"ಹಂಗಾದ್ರೆ ಹಿಡಿದಿರೋದು ಅವ್ಳನ್ನ. ಹಿಂಡಿದೋರ ಮೈಗೆ ಏರ್ತದೆ. ತಿರುವಿ ತೆಗೆದ ನಿನ್ಗೆ ಅದರ ಗಾಳಿ ಸೋಕೈತೆ. ಅದು ಮನಸಿಗೆ ಏರ್ತದೆ."

ಮಂತ್ರವಾದಿ ಸತ್ತು ಎಷ್ಟೋ ಕಾಲವಾಗಿತ್ತು. ಓಬುಳೇಶ ಗೋಡೆಗೊರಗಿ ಕೂತ. ದಾರಿ ಹೇಳಿದವನು ಚೆನ್ನಕೇಶವ.

"ಮನುಷ್ಯರಿಂದ ಮನುಷ್ಯರಿಗೆ ದಾಟಿಸಬೋದು ಕಣಪ್ಪ. ಎತ್ತು ಮಾರೋವಾಗ ಹಗ್ಗ ಹಿಡ್ಕೊಂಡೋನು 'ಇದ್ಯಾರ್ದು' ಅಂತಾನೆ, ಕೊಳ್ಳೋನು 'ನಂದು' ಅಂದು ಹಗ್ಗ ಇಸ್ಕೋತಾನಲ್ಲ, ಅಂಗೇ. ಜೋಮು ಹಿಡಿದೋರು ಬಾಯಿಬಿಟ್ಟು ಕೇಳ್ಬೇಕು. ತಕ್ಕೊಳ್ಳೋರು ಹೇಳ್ಬೇಕು. ಆವಾಗ ಅವರ ಮೈಗೆ ಬತ್ತದೆ. ನಂಗೆ ಜೋಮು ಹಿಡಿದಾಗ ಆ ಮಂತ್ರವಾದಿ ಇದನ್ನೂ ಹೇಳಿದ್ದ. ನನ್ನ ಹೆಂಡ್ತಿ ತಾನೇ ತಕ್ಕೋತೀನಿ, ಒಂದ್ಸಲ ಕೇಳು ಅಂತ ಕಾಲು ಹಿಡ್ಕೊಂಡ್ಲು. ನಾನು ಬಾಯಿ ಬಿಡ್ಲಿಲ್ಲ."

"ನಾನು ತಕ್ಕೋತೀನಿ," ಎಂದ ಓಬುಳೇಶ.

ಚೆನ್ನಕೇಶವ ಅವನ ಕಣ್ಣುಗಳನ್ನೇ ನೋಡಿದ. "ಬಾಯ್ಮಾತಿಗೆ ಅದು ಬರಕಿಲ್ಲ. ಎದೆಯಿಂದ ಹೇಳ್ಬೇಕು. ಅವ್ಳ ಮೇಲೆ ನಿನ್ಗಿರೋ ಪ್ರೀತಿ ಇನ್ನೂ ಬಿಸಿ ಇರೋವಾಗ್ಲೇ ಹೋಗಿ ಹೇಳು. ನಿನ್ನೊಳಗೆ ಅದು ತಣ್ಣಗಾಗ್ತಾ ಐತೆ, ಮುಖದಲ್ಲೇ ಕಾಣ್ತದೆ. ಓಡು." ತಡೆದು, ನೆಲ ನೋಡುತ್ತ ಹೇಳಿದ: "ನಾನೇ ಬಂದು ತಕ್ಕೋಬೇಕಿತ್ತು. ನನ್ನ ಕೈಲಾಗಕಿಲ್ಲ. ಒಂದ್ಸಲ ಕಂಡೀವ್ನಿ ಅದನ್ನ."

ಕಲ್ಯಾಣದುರ್ಗದಲ್ಲಿ ಹಿಂದೂಪುರದ ಬಸ್ಸು ನಿಂತಿತ್ತು. ಕಿಟಕಿಯ ಪಕ್ಕ ಕೂತು ಓಬುಳೇಶ ನಾಗರತ್ನಳನ್ನು ನೆನೆಯತೊಡಗಿದ. ಒಲೆಯ ಕೆಂಡ ಆರದಂತೆ ಊದುವವನ ಹಾಗೆ, ಬಿಡದೆ ನೆನೆದ. ಉಪ್ಪಿನ ಕಾಫಿ. ಗಂಡಿನ ತಂದೆ ಅದನ್ನು ನುಂಗಲೂ ಆರದೆ ಉಗುಳಲೂ ಆರದೆ ಕೂತಿದ್ದ ಮುಖ. ಬಾಗಿಲ ಸಂದಿನಲ್ಲಿ ಅವಳ ನಗು. ಎದೆಯಲ್ಲಿ ಇನ್ನೂ ಸ್ವಲ್ಪ ಬೆಚ್ಚಗಾಯಿತು. ಬಸ್ಸು ಊರು ದಾಟಿತು. ಬಯಲು, ಗುಡ್ಡ, ಗಾಳಿಗಿರಣಿಗಳು, ಬಿಸಿಲು. ಅದೇ ಕಾಫಿಯನ್ನು ಮತ್ತೆ ನೆನೆದ. ಈ ಸಲ ಲೋಟ ಕಂಡಿತು, ನಗು ಕಾಣಲಿಲ್ಲ. ಮದುವೆಯ ದಿನ ನೆನೆದ. ಅವಳಿಗೆ ಜ್ವರ ಬಂದಾಗ ಹಣೆಗೆ ಒದ್ದೆ ಬಟ್ಟೆ ಹಾಕುತ್ತ ಬೆಳಗು ಮಾಡಿದ್ದು ನೆನೆದ. ಮಡಕಶಿರ ದಾಟುವಾಗ ಅವೆಲ್ಲ ಪಕ್ಕದ ಸೀಟಿನವನು ಹೇಳಿದ ಯಾರದೋ ಮನೆಯ ಸಮಾಚಾರದಂತಿದ್ದವು. ಅವನು ಸುಟ್ಟ ಅಂಗೈಯನ್ನು ಸೀಟಿನ ಕಂಬಿಗೆ ಉಜ್ಜಿದ. ನೋಯಲಿ ಎಂದು ಉಜ್ಜಿದ. ಬಟ್ಟೆ ಒದ್ದೆಯಾಯಿತು. ಕಂಡಕ್ಟರ್ ಕೂಗಿದ: "ಏಮಪ್ಪಾ, ರಕ್ತಮು!" ಓಬುಳೇಶ ಹೌದು ಎಂದ.

ಹಿಂದೂಪುರದಲ್ಲಿ ಇಳಿದಾಗ ಅವನಿಗೆ ಗೊತ್ತಿದ್ದದ್ದು ಇಷ್ಟು: ಹೆಂಡತಿ ಇದ್ದಾಳೆ. ಅವಳನ್ನು ಉಳಿಸಬೇಕು. ಮನೆ ಈ ಕಡೆ.

ಕೋಣೆಯಲ್ಲಿ ಕರೆಂಟಿರಲಿಲ್ಲ. ಬಿಸಿಲು ಬರದಿರಲೆಂದು ಕಿಟಕಿಗೆ ಗೋಣಿತಟ್ಟು ಕಟ್ಟಿದ್ದರು. ಹೊರಗಿನ ಬಿಸಿಲಿನಿಂದ ಬಂದವನಿಗೆ ಒಳಗೆ ಕಗ್ಗತ್ತಲು. ಮೊದಲು ವಾಸನೆ ಬಂತು, ಒಣಮೀನಿನದು. ಹುಳಿಯ ವಾಸನೆಯನ್ನು ಅದು ತಿಂದುಹಾಕಿತ್ತು. ಮಲ್ಲೇಶ್ವರಿ ಬಾಯಿಗೆ ಸೆರಗು ತುರುಕಿಕೊಂಡು ಮೂಲೆಯಲ್ಲಿ ನಿಂತಿದ್ದಳು.

"ಕುತ್ತಿಗೆಗೆ ಬಂದ್ಬುಟ್ಟೈತೆ ಅಣ್ಣಾ," ಎಂದು ಹೇಳಿ ಹೊರಗೋಡಿದಳು.

ನಾಗರತ್ನ ಕೊರಡಿನಂತೆ ಬಿದ್ದಿದ್ದಳು. ಮೈ ಮೇಲೆ ನೊಣಗಳು ಓಡಾಡುತ್ತಿದ್ದವು. ಮುಖವೊಂದರಲ್ಲಿ ಜೀವವಿತ್ತು. ಕಣ್ಣು ಅವನನ್ನು ಹುಡುಕಿ ಹಿಡಿದುಕೊಂಡಿತು.

ಅವನು ಮಂಚದ ಪಕ್ಕ ಕೂತು ಚೆನ್ನಕೇಶವ ಹೇಳಿದ್ದನ್ನೆಲ್ಲ ಹೇಳಿದ. ಬಂಡಿಯ ಕೆಲಸ ಏನೇನಿದೆ ಎಂದು ಹೇಳುವ ದನಿಯಲ್ಲಿ ಹೇಳಿದ.

"ಬ್ಯಾಡ ಬಾವ. ನಾನು ಕೇಳಕಿಲ್ಲ."

"ಕೇಳು."

ಅವಳು ಬಹಳ ಹೊತ್ತು ಅವನ ಮುಖ ನೋಡಿದಳು. ಏನನ್ನೋ ಹುಡುಕಿದಳು. ಅವಳಿಗೂ ಜೀವದ ಆಸೆ ಇತ್ತು, ಇರಬಾರದೆ? ಕೊನೆಗೆ ಒಣಗಿದ ತುಟಿ ಅಲುಗಿತು.

"ಇದ್ಯಾರ್ದು?"

"ನಂದು," ಎಂದ ಓಬುಳೇಶ.

ಏನೂ ಆಗಲಿಲ್ಲ. ನೊಣಗಳು ಗುಂಯ್‌ಗುಟ್ಟಿದವು.

"ಇದ್ಯಾರ್ದು ಬಾವ?" ಅವಳ ದನಿ ಒಡೆಯಿತು.

"ನಂದು. ನಂದು." ಹಾಜರಿ ಕೂಗಿದಾಗ ಉತ್ತರ ಕೊಡುವ ಹಾಗಿತ್ತು. ಅವನು ತನ್ನೊಳಗೆ ತಡಕಿ ನೋಡಿದ. ಅಲ್ಲಿ ಪ್ರೀತಿ ಇದ್ದ ಜಾಗ ಗೊತ್ತಿತ್ತು. ಖಾಲಿಯಾಗಿತ್ತು. ಅದು ಖಾಲಿಯಾಗಿರುವುದಕ್ಕೆ ದುಃಖವೂ ಇರಲಿಲ್ಲ.

ನಾಗರತ್ನಳಿಗೆ ಎಲ್ಲ ತಿಳಿಯಿತು. ಜೋಮು ಅವಳ ಗದ್ದಕ್ಕೆ ಏರುತ್ತಿತ್ತು, ಮಾತು ತೊದಲತೊಡಗಿತ್ತು. ಅವಳು ಅತ್ತಳು. ಹೆದರಿ ಅತ್ತಳು. ಆಮೇಲೆ ಅಳು ನಿಲ್ಲಿಸಿ, ಇರುವಷ್ಟು ದನಿಯನ್ನೆಲ್ಲ ಒಟ್ಟುಮಾಡಿಕೊಂಡು ಹೇಳಿದಳು:

"ಈಗ ನೀನು ಕೇಳು ಬಾವ."

"ಏನು?"

"ಅದನ್ನೇ. ನಿನ್ನೊಳಗಿರೋ ಜೋಮು ನಾನು ತಕ್ಕೋತೀನಿ. ನನ್ನ ಕೇಳು. ಬೇಗ."

ಮೈಮೇಲೆ ಅರಿವಿದ್ದ ಓಬುಳೇಶನಾಗಿದ್ದರೆ ನಾಲಿಗೆ ಕಚ್ಚಿ ತುಂಡು ಮಾಡಿಕೊಳ್ಳುತ್ತಿದ್ದ, ಆ ಮಾತು ಆಡುತ್ತಿರಲಿಲ್ಲ. ಇವನು ಹೆಂಡತಿ ಹೇಳಿದ ಕೆಲಸ ಮಾಡಿದ.

"ಇದ್ಯಾರ್ದು?"

"ನಂದು," ಎಂದಳು ನಾಗರತ್ನ.

ಅವನ ಅಂಗೈಗೆ ಬೆಂಕಿ ಬಿತ್ತು.

ಅವನು ಚೀರಿದ. ಸುಟ್ಟ ಚರ್ಮ, ಕಂಬಿಗೆ ಉಜ್ಜಿದ ಮಾಂಸ, ಕಿತ್ತ ಗೆಣ್ಣು, ಎಲ್ಲವೂ ಒಟ್ಟಿಗೆ ನೋಯಿತು. ನೋವಿನ ಹಿಂದೆಯೇ ಭಯ ಬಂತು. ಭಯದ ಹಿಂದೆ ಅವಳು ಬಂದಳು. ಕಾಫಿಯ ಲೋಟ. ಬಾಗಿಲ ಸಂದಿನ ನಗು. ಜ್ವರದ ಹಣೆ. ಎದೆಯೊಳಗೆ ಎಲ್ಲವೂ ಒಂದೇ ಸಲ ನುಗ್ಗಿತು. ಅವನಿಗೆ ಅವಳು ಬೇಕಿತ್ತು. ಇನ್ನೇನೂ ಬೇಡ, ಅವಳು ಬೇಕಿತ್ತು.

"ನಾಗೂ! ಈಗ ಕೇಳೇ! ಈಗ ಎದೆಯಿಂದ ಹೇಳ್ತೀನಿ, ಕೇಳೇ!"

ಅವಳ ತುಟಿ ಅಲುಗಲಿಲ್ಲ.

ಅವನು ಅವಳ ಗದ್ದ ಹಿಡಿದ. ಮರದಂತಿತ್ತು. ಬಾಯಿ ಬಿಡಿಸಿದ. ನಾಲಿಗೆ ತಣ್ಣಗೆ ಬಿದ್ದಿತ್ತು. ಬೆರಳಿನಿಂದ ಅವಳ ತುಟಿಗಳನ್ನು ತಾನೇ ಆಡಿಸಿದ. "ಇದ್ಯಾರ್ದು ಅನ್ನೇ. ಒಂದ್ಸಲ ಅನ್ನೇ. ನಂದು ಕಣೇ. ನಂದು. ನಂದು. ನಂದು." ಕೂಗಿದ. ಬೇಡಿದ. ಮಂಚದ ಕಾಲಿಗೆ ಹಣೆ ಚಚ್ಚಿಕೊಂಡ. ಹಣೆ ನೋಯಿತು. ಎಲ್ಲ ನೋಯಿತು. ಹೊರಗೆ ರಸ್ತೆಯಲ್ಲಿ ಬಸ್ಸೊಂದು ಹಾರನ್ ಹೊಡೆದು ಲೇಪಾಕ್ಷಿಯ ಕಡೆ ಹೋಯಿತು.

ಉಸಿರು ಮಾತ್ರ ಸಣ್ಣಗೆ ಆಡುತ್ತಿತ್ತು. ಕಣ್ಣು ತೆರೆದೇ ಇತ್ತು, ಅವನನ್ನೇ ನೋಡುತ್ತಿತ್ತು. ಆ ಕಣ್ಣಿನ ಅಂಚಿನಲ್ಲಿ ನೀರು ತುಂಬಿ ಕೆನ್ನೆಗಿಳಿಯಿತು. ಓಬುಳೇಶ ಬೆರಳು ಚಾಚಿ ಅದನ್ನು ಒರೆಸಿದ. ಬಿಸಿಯಾಗಿತ್ತು. ಆ ಬಿಸಿ ಅವನ ಬೆರಳಿಗೆ ಚೆನ್ನಾಗಿ ತಿಳಿಯಿತು.